ಒಂದು ಗಾಡಿ ಇಳಿದು ಇನ್ನೊಂದು ಹಿಡಿಯುವ ಕಸುಬು

ತಿಕೋಟಾದಲ್ಲಿ ರೈಲ್ವೆ ಸ್ಟೇಷನ್ ಇಲ್ಲ, ಬಬಲೇಶ್ವರದಲ್ಲೂ ಇಲ್ಲ. ಒಂದು ಊರು ವಿಜಯಪುರದ ಪಶ್ಚಿಮಕ್ಕೆ ಅಥಣಿ ರಸ್ತೆಯ ಮೇಲಿದೆ, ಇನ್ನೊಂದು ನೈಋತ್ಯಕ್ಕೆ ಜಮಖಂಡಿ ರಸ್ತೆಯ ಮೇಲೆ. ಎರಡೂ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನವು. 2018ರ ಸುಮಾರಿಗೆ ಎರಡೂ ತಾಲ್ಲೂಕು ಕೇಂದ್ರಗಳಾದವು, ತಹಶೀಲ್ದಾರ್ ಕಚೇರಿ ಬಂತು, ಹಳಿ ಮಾತ್ರ ಬರಲಿಲ್ಲ. ಆದರೂ ರೈಲು ಬದಲಿಸಿ ದೂರದ ಊರು ಮುಟ್ಟುವ ವಿದ್ಯೆಯನ್ನು ಕಲಿಯಬೇಕೆಂದಿದ್ದರೆ ಈ ಊರುಗಳಲ್ಲಿ ಓಡಾಡಿ ಪಳಗಿದ ಹಿರಿಯರ ಪಕ್ಕ ಕೂಡಬೇಕು. ಸ್ಟೇಷನ್ ಎದುರಿಗೇ ಮನೆಯಿದ್ದವನಿಗೆ ಒಂದೇ ಗಾಡಿಯ ಚಿಂತೆ. ಇವರಿಗೆ ಮನೆಯಿಂದ ಹೊರಟಾಗಿನಿಂದಲೇ ಕನೆಕ್ಷನ್ ಶುರು.

ಇವರ ಲೆಕ್ಕ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಹುಬ್ಬಳ್ಳಿಯಲ್ಲಿ ರಾತ್ರಿ ಒಂಬತ್ತಕ್ಕೆ ಒಂದು ಗಾಡಿ ಹಿಡಿಯಬೇಕಾಗಿದೆ ಎನ್ನಿ. ಏಳಕ್ಕಾದರೂ ಹುಬ್ಬಳ್ಳಿಯಲ್ಲಿ ಕಾಲಿಡಬೇಕು. ವಿಜಯಪುರದಿಂದ ಗದಗದ ಮೇಲೆ ಹುಬ್ಬಳ್ಳಿಗೆ ಸುಮಾರು ಇನ್ನೂರೈವತ್ತು ಕಿಲೋಮೀಟರ್. ಆರು ಗಂಟೆ ಹಿಡಿಯಿರಿ. ಮಧ್ಯಾಹ್ನ ಒಂದರ ಗಾಡಿಗೆ ಹನ್ನೆರಡೂವರೆಗೆ ವಿಜಯಪುರ ಸ್ಟೇಷನ್ನಿನಲ್ಲಿರಬೇಕು. ಬಸ್ ಸ್ಟ್ಯಾಂಡ್ ಊರಿನ ಪಶ್ಚಿಮದ ಮಗ್ಗುಲಿಗೆ, ಸ್ಟೇಷನ್ ಪೂರ್ವದಲ್ಲಿ ಗೋಳಗುಮ್ಮಟದ ಕಡೆಗೆ. ನಡುವೆ ಗಾಂಧಿ ಚೌಕದ ಗದ್ದಲ, ಆಟೋದವನೊಡನೆ ಚೌಕಾಸಿ. ಅದಕ್ಕೆ ಅರ್ಧ ಗಂಟೆ ತೆಗೆದಿಡಿ. ಬಸ್ಸಿಗೆ ಮುಕ್ಕಾಲು ಗಂಟೆ. ಇಷ್ಟೆಲ್ಲ ಕಳೆದು ಹನ್ನೊಂದಕ್ಕೆ ಬಸ್ಸು ಏರಿದರೆ ಸಾಕು ಎಂದು ಕಾಗದದ ಲೆಕ್ಕ ಹೇಳುತ್ತದೆ. ಹಿರಿಯರು ಹತ್ತರ ಬಸ್ಸಿಗೇ ಹೊರಡುತ್ತಾರೆ. ಇನ್ನು ಬೆಳಗಿನ ಗಾಡಿಯಾದರೆ ರಾತ್ರಿ ಊರಲ್ಲೇ ಉಳಿದ ವಸ್ತಿ ಬಸ್ಸೇ ಗತಿ. ಆ ಬಸ್ಸು ಹೊರಡುವ ಹೊತ್ತು ಮನೆಮಂದಿಗೆಲ್ಲ ಬಾಯಿಪಾಠ.

“ಗಾಡಿ ಎಷ್ಟಕ್ಕ ಐತಿ ಅಂತ ಆಮ್ಯಾಲ ಕೇಳು ತಮ್ಮಾ, ಅದು ತಪ್ಪಿದ್ರ ಮುಂದಿಂದು ಎಷ್ಟಕ್ಕ ಐತಿ ಅನ್ನೂದು ಮೊದ್ಲ ಕೇಳು” ಎಂಬುದು ಅವರು ಕಿರಿಯರಿಗೆ ಹೇಳುವ ಮಾತಿನ ಧಾಟಿ. ರೈಲ್ವೆಯ ವೇಳಾಪಟ್ಟಿ ಹೆಣೆಯುವ ಪಂಡಿತರು ದಪ್ಪ ದಪ್ಪ ಪುಸ್ತಕಗಳಲ್ಲಿ ಹೇಳುವುದರ ತಿರುಳೂ ಇದೇ. ಅರ್ಧ ಗಂಟೆಗೊಂದು ಗಾಡಿ ಇರುವಲ್ಲಿ ಐದು ನಿಮಿಷದ ಅಂತರವಿದ್ದರೂ ನಡೆಯುತ್ತದೆ. ತಪ್ಪಿದರೆ ಹೋಗುವುದು ಅರ್ಧ ಗಂಟೆ ಮಾತ್ರ. ದಿನಕ್ಕೊಂದೇ ಗಾಡಿ ಇರುವಲ್ಲಿ ಎರಡು ಗಂಟೆಯೂ ಕಡಿಮೆಯೇ, ಏಕೆಂದರೆ ತಪ್ಪಿದರೆ ಒಂದು ರಾತ್ರಿ ಪ್ಲಾಟ್‌ಫಾರ್ಮಿನ ಪಾಲು.

ವಿಜಯಪುರದ ಹಳಿ ಹುಟ್ಟಿದ್ದೇ ಗಾಡಿ ಬದಲಿಸುವವರಿಗಾಗಿ ಎನ್ನಬಹುದು. ಮುಂಬಯಿಯಿಂದ ಹೊರಟ ಜಿಐಪಿ ರೈಲ್ವೆ 1860ರಲ್ಲಿ ಸೊಲ್ಲಾಪುರ ಮುಟ್ಟಿತು, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಅದು ಬ್ರಾಡ್ ಗೇಜ್. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ವಿಜಯಪುರ ಸೀಮೆಗೆ ಕಾಳು ತರಲು ಹಳಿಯೇ ಇರಲಿಲ್ಲ. ಆ ಪೆಟ್ಟಿನ ಬಳಿಕ ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮಾರ್ಗ ಬಂತು, 1884ರಲ್ಲಿ ಓಡಾಟ ಆರಂಭವಾಯಿತು. ಇದು ಮೀಟರ್ ಗೇಜ್. ಅಂದರೆ ಹೋಟಗಿಯಲ್ಲಿ ಎರಡು ಹಳಿಗಳು ಪಕ್ಕಪಕ್ಕಕ್ಕೆ ಬಂದರೂ ಒಂದರ ಗಾಡಿ ಇನ್ನೊಂದರ ಮೇಲೆ ಓಡುವಂತಿರಲಿಲ್ಲ. ಹತ್ತಿ, ಜೋಳದ ಚೀಲಗಳನ್ನು ಹಮಾಲರು ಹೊತ್ತು ದಾಟಿಸಬೇಕು, ಜನ ಗಂಟುಮೂಟೆ ಹೊತ್ತು ದಾಟಬೇಕು.

ಪಂಢರಪುರದ ವಾರಿಗೆ ರೈಲಿನಲ್ಲಿ ಹೊರಟ ವಿಜಯಪುರದ ಭಕ್ತರದು ಇದಕ್ಕಿಂತ ದೊಡ್ಡ ಸಾಹಸ. ವಿಜಯಪುರದಿಂದ ಹೋಟಗಿಗೆ ಮೀಟರ್ ಗೇಜ್. ಅಲ್ಲಿಂದ ಸೊಲ್ಲಾಪುರ ದಾಟಿ ಕುರ್ಡುವಾಡಿಗೆ ಬ್ರಾಡ್ ಗೇಜ್. ಕುರ್ಡುವಾಡಿಯಿಂದ ಪಂಢರಪುರಕ್ಕೆ ಬಾರ್ಸಿ ಲೈಟ್ ರೈಲ್ವೆ. ಅದು 1906ರಲ್ಲಿ ಪಂಢರಪುರ ಮುಟ್ಟಿದ ನ್ಯಾರೋ ಗೇಜ್, ಹಳಿಗಳ ನಡುವೆ ಬರೀ 762 ಮಿಲಿಮೀಟರ್. ವಿಠ್ಠಲನ ದರ್ಶನಕ್ಕೆ ಮೂರು ಅಳತೆಯ ಹಳಿ, ಮೂರು ಗಾತ್ರದ ಡಬ್ಬಿ, ಎರಡು ಕನೆಕ್ಷನ್. ಆಷಾಢದ ಜಡಿಮಳೆಯಲ್ಲಿ, ಮುದುಕರು ಮಕ್ಕಳನ್ನು ಕಟ್ಟಿಕೊಂಡು, ಫೋನಿಲ್ಲದ ಕಾಲದಲ್ಲಿ ಜನ ಅದನ್ನು ಮಾಡಿದರು. ಈಗ ಗೋಳಗುಮ್ಮಟ ಎಕ್ಸ್‌ಪ್ರೆಸ್ ಮೈಸೂರಿನಿಂದ ಹೊರಟು ವಿಜಯಪುರದ ಮೇಲೆ ನೇರ ಪಂಢರಪುರಕ್ಕೆ ಹೋಗುತ್ತದೆ. ಆ ಸೌಕರ್ಯದ ಬೆಲೆ ಗೊತ್ತಾಗಬೇಕಾದರೆ ಈ ಹಳೆಯ ದಾರಿ ಗೊತ್ತಿರಬೇಕು.

ಗಾಡಿಗಳು ಕೂಡಬೇಕಾದರೆ ಮೊದಲು ಗಡಿಯಾರಗಳು ಕೂಡಬೇಕು ಎಂಬುದು ಈಗ ಯಾರ ನೆನಪಿಗೂ ಬರುವುದಿಲ್ಲ. ಆ ದಿನಗಳಲ್ಲಿ ಊರೂರಿಗೂ ತನ್ನದೇ ಹೊತ್ತು. ಮುಂಬಯಿ ಗಡಿಯಾರ ಮದ್ರಾಸಿನದಕ್ಕಿಂತ ಅರ್ಧ ಗಂಟೆ ಹಿಂದೆ. ವಿಜಯಪುರದ ನೆತ್ತಿಗೆ ಸೂರ್ಯ ಬರುವುದು ಮದ್ರಾಸಿಗಿಂತ ಹದಿನೆಂಟು ನಿಮಿಷ ತಡವಾಗಿ. ರೈಲ್ವೆಗಳು ಇದರ ಗೊಡವೆಯೇ ಬೇಡವೆಂದು ಮದ್ರಾಸು ಸಮಯವನ್ನು ಹಿಡಿದವು. ದೇಶಕ್ಕೆಲ್ಲ ಒಂದೇ ಸಮಯ ಬಂದದ್ದು 1906ರ ಜನವರಿ 1ರಂದು. ಅಲ್ಲಿಯವರೆಗೆ ಊರಿನ ಹೊತ್ತನ್ನು ನಂಬಿ ಸ್ಟೇಷನ್ನಿಗೆ ಬಂದವನಿಗೆ ಗಾಡಿಯ ಹೊಗೆ ಮಾತ್ರ ಕಂಡಿದ್ದರೆ ಅದು ಅವನ ತಪ್ಪೂ ಅಲ್ಲ, ಗಾಡಿಯ ತಪ್ಪೂ ಅಲ್ಲ.

ಈಗ ಪರದೆಯ ಹಿಂದಕ್ಕೆ ಹೋಗೋಣ. ಗಾಡಿಗಳನ್ನು ಕೂಡಿಸುವವರು ಯಾರು? ಡ್ರೈವರ್ ಅಲ್ಲ, ಗಾರ್ಡ್ ಅಲ್ಲ, ಸ್ಟೇಷನ್ ಮಾಸ್ತರರೂ ಪೂರ್ತಿ ಅಲ್ಲ. ನಾವು ಎಂದೂ ಕಾಣದ ಸೆಕ್ಷನ್ ಕಂಟ್ರೋಲರ್. ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದ ಕಂಟ್ರೋಲ್ ಕಚೇರಿಯಲ್ಲಿ ಕೂತು, ವಿಜಯಪುರದ ಮಾರ್ಗದಲ್ಲಿ ಯಾವ ಗಾಡಿ ಎಲ್ಲಿದೆ, ಯಾವುದನ್ನು ಮುಂದೆ ಬಿಡಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ನಿರ್ಧರಿಸುವವರು ಅವರು. ಅವರ ಮುಖ್ಯ ಸಲಕರಣೆ ಒಂದು ನಕ್ಷೆ. ಮೊದಲು ಉದ್ದನೆಯ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಎಳೆಯುತ್ತಿದ್ದರು, ಈಗ ಕಂಪ್ಯೂಟರ್ ಪರದೆಯ ಮೇಲೆ ಮೂಡುತ್ತದೆ.

ಆ ನಕ್ಷೆಯನ್ನು ಹತ್ತಿರದಿಂದ ನೋಡುವುದು ಚೆಂದ. ಅಡ್ಡಕ್ಕೆ ಗಂಟೆ, ನಿಮಿಷ. ಉದ್ದಕ್ಕೆ ಸ್ಟೇಷನ್ನುಗಳು ಒಂದರ ಕೆಳಗೊಂದು: ಇಂಡಿ ರೋಡ್, ನಿಂಬಾಳ, ಮಿಂಚನಾಳ, ವಿಜಯಪುರ, ಇಬ್ರಾಹಿಂಪುರ, ಜುಮನಾಳ, ಮುಳವಾಡ, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ. ಒಂದೊಂದು ಗಾಡಿಯೂ ಒಂದೊಂದು ಓರೆ ಗೆರೆ. ಗದಗದ ಕಡೆ ಹೋಗುವುದು ಎಡದಿಂದ ಬಲಕ್ಕೆ ಇಳಿಯುತ್ತದೆ, ಹೋಟಗಿಯ ಕಡೆ ಹೋಗುವುದು ಏರುತ್ತದೆ. ಗಾಡಿ ವೇಗವಾಗಿದ್ದರೆ ಗೆರೆ ಕಡಿದಾಗಿ ನಿಲ್ಲುತ್ತದೆ, ನಿಧಾನವಾದರೆ ವಾಲುತ್ತದೆ, ಗಾಡಿ ನಿಂತರೆ ಗೆರೆ ಮಲಗುತ್ತದೆ. ಸಿಂಗಲ್ ಲೈನಿನಲ್ಲಿ ಏರುವ ಗೆರೆ ಇಳಿಯುವ ಗೆರೆಯನ್ನು ದಾಟುವ ಜಾಗ, ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಲೂಪ್ ಲೈನ್ ಇರುವ ಸ್ಟೇಷನ್ನಿನ ಮೇಲೆಯೇ ಬೀಳಬೇಕು. ಜುಮನಾಳ, ಮುಳವಾಡಗಳ ನಡುವಿನ ಹೊಲದಲ್ಲಿ ಬಿದ್ದರೆ ಎರಡು ಗಾಡಿ ಮುಖಾಮುಖಿ! ಹಾಗಾಗದಂತೆ ಒಂದನ್ನು ಹಿಂದಿನ ಸ್ಟೇಷನ್ನಿನಲ್ಲೇ ಮಲಗಿಸುತ್ತಾರೆ. ಇದನ್ನೇ ನಮ್ಮ ಕಡೆ ‘ಕ್ರಾಸಿಂಗ್‌ಗೆ ನಿಂತೈತಿ’ ಎನ್ನುವುದು. ಒಳಗೆ ಕೂತವರಿಗೆ ಗಾಡಿ ಸುಮ್ಮನೆ ನಿಂತಂತೆ ಕಾಣುತ್ತದೆ. ಕಂಟ್ರೋಲರ್ ಮೇಜಿನ ಮೇಲೆ ಆ ನಿಲುಗಡೆಗೆ ಪ್ರತಿ ನಿಮಿಷಕ್ಕೂ ಒಂದು ಕಾರಣ ಇರುತ್ತದೆ.

ಜಂಕ್ಷನ್ನಿನಲ್ಲಿ ಕನೆಕ್ಷನ್ ಎಂದರೆ ಈ ನಕ್ಷೆಯಲ್ಲಿ ಒಂದು ಗೆರೆ ಮುಟ್ಟುವುದಕ್ಕೂ ಇನ್ನೊಂದು ಗೆರೆ ಹೊರಡುವುದಕ್ಕೂ ನಡುವೆ ಉಳಿದ ಬಿಳಿ ಜಾಗ. ಮುಂಜಾನೆ ಎಲ್ಲೋ ಒಂದು ಗೂಡ್ಸ್ ಗಾಡಿ ಇಪ್ಪತ್ತು ನಿಮಿಷ ತಡವಾಯಿತೆಂದರೆ ಅದಕ್ಕಾಗಿ ಕಾದ ಪ್ಯಾಸೆಂಜರ್ ತಡ, ಅದರ ಎದುರು ಬರಬೇಕಾದದ್ದು ತಡ. ಹಾಗೆಯೇ ತಳ್ಳುತ್ತ ತಳ್ಳುತ್ತ ಮಧ್ಯಾಹ್ನದ ಹೊತ್ತಿಗೆ ಗದಗದಲ್ಲಿದ್ದ ಆ ಬಿಳಿ ಜಾಗ ಮಾಯ. ಅನುಭವಿ ಕಂಟ್ರೋಲರ್ ಇದನ್ನು ಎರಡು ಗಂಟೆ ಮೊದಲೇ ಕಾಣುತ್ತಾರೆ. ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಕ್ರಾಸಿಂಗ್ ಬದಲಿಸಿ, ಗೂಡ್ಸನ್ನು ಪಕ್ಕಕ್ಕೆ ಸರಿಸಿ, ಕಳೆದ ನಿಮಿಷಗಳನ್ನು ನಾಲ್ಕು ನಾಲ್ಕಾಗಿ ವಾಪಸ್ ತರುತ್ತಾರೆ. ಅಂದು ಗದಗದಲ್ಲಿ ಗಾಡಿ ಸಿಕ್ಕವರು ತಮ್ಮ ಪುಣ್ಯ ಎಂದುಕೊಂಡು ಹೋಗುತ್ತಾರೆ. ಪುಣ್ಯ ಅವರದಲ್ಲ.

ವೇಳಾಪಟ್ಟಿ ಬರೆಯುವವರು ಈ ಕೆಲಸಕ್ಕೆ ಮೊದಲೇ ಒಂದು ಅನುಕೂಲ ಮಾಡಿಟ್ಟಿರುತ್ತಾರೆ. ಬೆಳೆಯುವ ಹುಡುಗನ ಚಡ್ಡಿಗೆ ದರ್ಜಿ ಒಳಗೆ ಒಂದಿಷ್ಟು ಬಟ್ಟೆ ಮಡಚಿ ಹೊಲಿಯುವಂತೆ, ಗಾಡಿಯ ಓಟಕ್ಕೆ ಬೇಕಾದ ಸಮಯದ ಮೇಲೆ ಕೆಲವು ನಿಮಿಷ ಮಡಚಿ ಇಡುತ್ತಾರೆ. ಹಳಿ ರಿಪೇರಿಗೆ ಇಷ್ಟು, ದಟ್ಟಣೆಗೆ ಇಷ್ಟು ಎಂದು ಅದಕ್ಕೆ ಹೆಸರೂ ಉಂಟು, ಅಲೋಯನ್ಸ್. ಜಂಕ್ಷನ್ ಅಥವಾ ಕೊನೆಯ ಸ್ಟೇಷನ್ನಿಗೆ ಮುಂಚಿನ ತುಂಡಿನಲ್ಲಿ ಇದು ಹೆಚ್ಚಾಗಿ ಇರುತ್ತದೆ. ಹೋಟಗಿಯಿಂದ ಸೊಲ್ಲಾಪುರ ಹದಿನೈದು ಕಿಲೋಮೀಟರ್. ಸೊಲ್ಲಾಪುರದಲ್ಲೇ ಓಟ ಮುಗಿಸುವ ಗಾಡಿಗೆ ವೇಳಾಪಟ್ಟಿಯಲ್ಲಿ ಅಷ್ಟಕ್ಕೇ ಎಷ್ಟು ಹೊತ್ತು ಕೊಟ್ಟಿದ್ದಾರೆ ನೋಡಿ. ‘ಇಷ್ಟು ದೂರಕ್ಕೆ ಇಷ್ಟು ಹೊತ್ತಾ’ ಎಂದು ನಗು ಬರುತ್ತದೆ. ಹಿಂದೆ ಕಳೆದುಕೊಂಡದ್ದನ್ನು ತುಂಬಿಸಿಕೊಳ್ಳಲು ಇಟ್ಟ ಹೊತ್ತು ಅದು. ಎಲ್ಲ ಸರಿಯಿದ್ದ ದಿನ ಗಾಡಿ ಮುಂಚೆಯೇ ಬಂದು ಹೊರಗಿನ ಸಿಗ್ನಲ್ಲಿನಲ್ಲಿ ಗೊಣಗುತ್ತ ನಿಲ್ಲುತ್ತದೆ, ಪ್ರಯಾಣಿಕರೂ ಗೊಣಗುತ್ತಾರೆ. ಆದರೆ ಈ ಮಡಿಕೆಯನ್ನು ಬಿಚ್ಚಿ ‘ವೇಗ ಹೆಚ್ಚಿಸಿದೆವು’ ಎಂದು ಹೇಳಿಕೊಂಡ ವೇಳಾಪಟ್ಟಿಯಲ್ಲಿ ಮೊದಲು ಸಾಯುವುದು ಕನೆಕ್ಷನ್.

ನಂಬಿಕೆಗೆ ಬೇಕಾದದ್ದು ವೇಗವಲ್ಲ, ಬೇಗ ಬರುವುದೂ ಅಲ್ಲ. ದಿನವೂ ಇಪ್ಪತ್ತೈದು ನಿಮಿಷ ತಡವಾಗಿಯೇ ಬರುವ ಗಾಡಿಯೊಂದಿಗೆ ಸಂಸಾರ ಮಾಡಬಹುದು, ಅದಕ್ಕೆ ಹೊಂದಿಸಿ ಮುಂದಿನದನ್ನು ಗೊತ್ತುಮಾಡಬಹುದು. ಇವತ್ತು ಸರಿಯಾಗಿ ಬಂದು, ನಾಳೆ ಹತ್ತು ನಿಮಿಷ, ನಾಡಿದ್ದು ಒಂದೂವರೆ ಗಂಟೆ ತಡ ಮಾಡುವ ಗಾಡಿಯ ಸರಾಸರಿ ಇದಕ್ಕಿಂತ ಚೆನ್ನಾಗಿ ಇದ್ದರೂ ಅದರ ಮೇಲೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ರೈಲ್ವೆಯವರು ಸರಾಸರಿ ಹೇಳುವಾಗ ನನಗೆ ಅನುಮಾನ ಬರುವುದು ಇದಕ್ಕೇ.

ಇನ್ನು ಈ ಕಸುಬಿನ ಅತಿ ಕಠಿಣ ಪ್ರಶ್ನೆ: ತಡವಾದ ಗಾಡಿಗಾಗಿ ಇನ್ನೊಂದನ್ನು ಕಾಯಿಸಬೇಕೋ ಬೇಡವೋ? ಕಾಯಿಸಲಿ ಎಂದು ಇಳಿದು ಓಡುವವನ ಬಾಯಲ್ಲಿ ಬರುತ್ತದೆ, ಬಿಡಲಿ ಎಂದು ಆಗಲೇ ಕಿಟಕಿ ಪಕ್ಕ ಕೂತವನ ಬಾಯಲ್ಲಿ. ಲೆಕ್ಕ ಹಾಕಿ ನೋಡೋಣ. ನಿಂತ ಗಾಡಿಯಲ್ಲಿ ಎಂಟುನೂರು ಜನ, ತಡವಾದದ್ದರಿಂದ ಬದಲಿಸಬೇಕಾದವರು ಹದಿನೈದು. ಹತ್ತು ನಿಮಿಷ ಕಾಯಿಸಿದರೆ ಎಲ್ಲರದೂ ಸೇರಿ ಹೋಗುವುದು ನೂರಾ ಮೂವತ್ಮೂರು ಗಂಟೆ. ಮುಂದಿನ ಗಾಡಿ ಎರಡು ಗಂಟೆ ಬಿಟ್ಟು ಇದ್ದರೆ ಆ ಹದಿನೈದು ಜನ ಕಳೆದುಕೊಳ್ಳುವುದು ಮೂವತ್ತೇ ಗಂಟೆ, ಬಿಟ್ಟುಬಿಡುವುದೇ ನ್ಯಾಯ. ಆದರೆ ಮುಂದಿನದು ಹನ್ನೆರಡು ಗಂಟೆ ಬಿಟ್ಟು ಇದ್ದರೆ? ನೂರಾ ಎಂಬತ್ತು ಗಂಟೆ. ಆಗ ಕಾಯಿಸುವುದೇ ನ್ಯಾಯ. ಇಷ್ಟರಲ್ಲೇ ಮುಗಿಯುವುದಿಲ್ಲ. ಆ ಎಂಟುನೂರರಲ್ಲಿಯೂ ಮುಂದೆ ಎಲ್ಲೋ ಬದಲಿಸಬೇಕಾದವರು ಇದ್ದಾರೆ, ಹತ್ತು ನಿಮಿಷಕ್ಕೆ ಕ್ರಾಸಿಂಗ್ ತಪ್ಪಿದರೆ ಅದು ಮೂವತ್ತಾಗಬಹುದು. ಇದನ್ನೆಲ್ಲ ಕಂಟ್ರೋಲರ್ ಎರಡು ನಿಮಿಷದಲ್ಲಿ ತೂಗಬೇಕು, ಅದೂ ಕಿವಿಗೆ ಫೋನ್ ಹಚ್ಚಿಕೊಂಡು.

ವಿಜಯಪುರದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಗದಗ, ಹುಬ್ಬಳ್ಳಿಯ ಕಡೆಗೆ ಎಲ್ಲವೂ ಒಂದೇ ವಿಭಾಗದ ಕೈಯಲ್ಲಿ. ಹೋಟಗಿಯಲ್ಲಿ ಗಡಿ ಬರುತ್ತದೆ. ಅಲ್ಲಿಂದಾಚೆ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗ. ಕಲಬುರಗಿಗೂ ಪುಣೆಗೂ ಹೋಗುವವರ ಕನೆಕ್ಷನ್ ಎಂದರೆ ಎರಡು ರೈಲ್ವೆಗಳ ಎರಡು ಕಂಟ್ರೋಲ್ ಕೋಣೆಗಳ ನಡುವಿನ ಮಾತುಕತೆ. ನೆರೆಮನೆಯವರ ಗಾಡಿಗಾಗಿ ತಮ್ಮ ಗಾಡಿಯ ಸಮಯಪಾಲನೆಯ ಅಂಕಿ ಕೆಡಿಸಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ಮನುಷ್ಯ ಸಹಜ.

ಗಾಡಿಗೆ ಗಾಡಿ ಕೂಡಿಸುವ ಈ ವಿದ್ಯೆಯನ್ನು ತುದಿ ಮುಟ್ಟಿಸಿದವರು ಸ್ವಿಟ್ಜರ್ಲೆಂಡಿನವರು. 1982ರಲ್ಲಿ ದೇಶಕ್ಕೆಲ್ಲ ಗಂಟೆಗೊಂದು ಗಾಡಿ ಎಂಬ ವೇಳಾಪಟ್ಟಿ ತಂದರು, 1987ರಲ್ಲಿ ಜನಮತ ಪಡೆದು ಹಳಿಗಳನ್ನೇ ಆ ವೇಳಾಪಟ್ಟಿಗೆ ತಕ್ಕಂತೆ ತಿದ್ದಲು ಹೊರಟರು. ದೊಡ್ಡ ಜಂಕ್ಷನ್ನುಗಳಿಗೆ ಎಲ್ಲ ದಿಕ್ಕಿನ ಗಾಡಿಗಳೂ ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಬರಬೇಕು, ಹೊಡೆದ ಮೇಲೆ ಹೊರಡಬೇಕು. ಆ ನಡುವೆ ಯಾರು ಯಾವುದಕ್ಕೆ ಬೇಕಾದರೂ ಬದಲಿಸಬಹುದು. ಇದಕ್ಕೆ ಎರಡು ಜಂಕ್ಷನ್ನುಗಳ ನಡುವಿನ ಓಟ ಒಂದು ಗಂಟೆಗೆ ತುಸು ಕಡಿಮೆ ಇರಬೇಕು. ಬರ್ನ್–ಜ್ಯೂರಿಕ್ ಗಂಟೆ ಮೀರುತ್ತಿತ್ತು; ಹೊಸ ಹಳಿ ಹಾಸಿ 2004ರ ಡಿಸೆಂಬರಿನಲ್ಲಿ 56 ನಿಮಿಷಕ್ಕೆ ಇಳಿಸಿದರು, ಇನ್ನೂ ಇಳಿಸಲು ಹೋಗಲಿಲ್ಲ. ನಲವತ್ತಕ್ಕೆ ಮುಟ್ಟಿಸಿದರೂ ಅಲ್ಲಿ ಕಾಯುವುದೇ ಆಗುತ್ತಿತ್ತಲ್ಲ! ಮೊದಲು ಕನೆಕ್ಷನ್ ಗೊತ್ತುಮಾಡಿ ಆಮೇಲೆ ಹಳಿ ಹಾಸುವ ಈ ಕ್ರಮ ನಮ್ಮ ದೊಡ್ಡ ದೇಶಕ್ಕೆ ಹಾಗೆಯೇ ಒಪ್ಪುವುದಿಲ್ಲ, ಆದರೆ ಗದಗ, ಹುಬ್ಬಳ್ಳಿ, ಸೊಲ್ಲಾಪುರದಂಥ ನಾಲ್ಕಾರು ಜಂಕ್ಷನ್ನುಗಳಿಗೆ ಏಕೆ ಒಪ್ಪಬಾರದು?

ನಮ್ಮಲ್ಲೂ ದಾರಿ ಸುಧಾರಿಸಿದೆ. ಹೋಟಗಿ–ಗದಗ 284 ಕಿಲೋಮೀಟರ್ ಮಾರ್ಗಕ್ಕೆ ಎರಡನೆಯ ಹಳಿ ಹಾಕುವ ಕೆಲಸ ಬಹುಪಾಲು ಆಗಿದೆ. ಇದರ ಹಿಂದೆ ಕೂಡಗಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಸಾಗಿಸುವ ಅಗತ್ಯವೂ ಇತ್ತು. ಕಲ್ಲಿದ್ದಲಿನ ದೆಸೆಯಿಂದ ಮನುಷ್ಯರಿಗೂ ಒಳ್ಳೆಯದಾಯಿತು ಎನ್ನೋಣ. ಎರಡು ಹಳಿ ಇದ್ದಲ್ಲಿ ಎದುರು ಬರುವ ಗಾಡಿಗೆ ಕಾಯಬೇಕಾಗಿಲ್ಲ, ಒಂದರ ತಡ ಇನ್ನೊಂದಕ್ಕೆ ಅಂಟುವುದು ಕಡಿಮೆ.

ಪ್ರಯಾಣಿಕರ ಕಡೆಯಿಂದಲೂ ಕೆಲವು ತಿಳಿದಿರಬೇಕು. ಒಂದು, ನಡಿಗೆ. ಹುಬ್ಬಳ್ಳಿಯಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1,507 ಮೀಟರ್, ಪ್ರಪಂಚದಲ್ಲೇ ಉದ್ದ. ಹೆಮ್ಮೆ ಸರಿ, ಆದರೆ ಈ ತುದಿಯಿಂದ ಆ ತುದಿಗೆ ಬರಿಗೈಲಿ ಹೋದರೂ ಹದಿನೆಂಟು ನಿಮಿಷ. ಬದಲಿಸುವವರು ತಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಇಳಿಯುವ ಮೊದಲೇ ಕೇಳಿಕೊಳ್ಳಬೇಕು. ಇನ್ನೊಂದು, ಟಿಕೆಟ್. 2019ರ ಏಪ್ರಿಲ್ 1ರಿಂದ ಎರಡು ರಿಸರ್ವೇಷನ್ ಟಿಕೆಟ್‌ಗಳ ಪಿಎನ್‌ಆರ್‌ಗಳನ್ನು ಪರಸ್ಪರ ಜೋಡಿಸಲು ಅವಕಾಶವಿದೆ. ಎರಡರಲ್ಲೂ ಪ್ರಯಾಣಿಕರ ವಿವರ ಒಂದೇ ಇರಬೇಕು, ಮೊದಲನೆಯದು ಇಳಿಸುವ ಸ್ಟೇಷನ್ನೇ ಎರಡನೆಯದು ಹತ್ತಿಸುವ ಸ್ಟೇಷನ್ ಆಗಿರಬೇಕು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ರದ್ದತಿ ಶುಲ್ಕ ಹಿಡಿಯದೆ ಎರಡನೆಯದರ ಹಣ ವಾಪಸ್ ಬರುತ್ತದೆ. ಕೌಂಟರ್ ಟಿಕೆಟ್ ಆದರೆ ಮೊದಲ ಗಾಡಿ ಬಂದ ಮೂರು ಗಂಟೆಯೊಳಗೆ ಒಪ್ಪಿಸಬೇಕು, ಇ–ಟಿಕೆಟ್ ಆದರೆ ಆನ್‌ಲೈನಿನಲ್ಲಿ ಟಿಡಿಆರ್ ಹಾಕಬೇಕು. ಹೀಗೆ ಜೋಡಿಸದ ಟಿಕೆಟ್ಟಿಗೆ ಈ ಸೌಲಭ್ಯವಿಲ್ಲ. ಬುಕ್ ಮಾಡುವಾಗ ಎರಡು ನಿಮಿಷದ ಕೆಲಸ, ಬಿಡಬೇಡಿ.

ಉಳಿದದ್ದು ಒಂದು ಕೋರಿಕೆ. ರೈಲ್ವೆ ಹೊಸ ವೇಳಾಪಟ್ಟಿ ಹೊರಡಿಸುವಾಗಲೆಲ್ಲ ವಿಜಯಪುರದ ಸ್ಟೇಷನ್ ಅಧಿಕಾರಿಗಳೂ ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೋದವರೂ ಒಂದು ಮಧ್ಯಾಹ್ನ ಒಂದೇ ಮೇಜಿಗೆ ಕೂಡಲಿ. ರಾತ್ರಿ ಬರುವ ಗಾಡಿಯಿಂದ ಇಳಿದವರಿಗೆ ತಿಕೋಟಾ, ಬಬಲೇಶ್ವರದ ಕೊನೆಯ ಬಸ್ಸು ಸಿಗುವಂತೆ ಹತ್ತು ನಿಮಿಷ ಆಚೀಚೆ ಮಾಡಲಿ. ಆ ಬಸ್ಸುಗಳ ಸಮಯ ಸ್ಟೇಷನ್ ಬಾಗಿಲಲ್ಲಿ, ಗಾಡಿಗಳ ಸಮಯ ಬಸ್ ಸ್ಟ್ಯಾಂಡಿನಲ್ಲಿ, ಮುದುಕರಿಗೂ ಕಾಣುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದಿರಲಿ. ಇದಕ್ಕೆ ಹಳಿ ಬೇಡ, ಹೊಸ ಗಾಡಿ ಬೇಡ, ದೆಹಲಿಯ ಒಪ್ಪಿಗೆಯೂ ಬೇಡ. ಎರಡು ಬೋರ್ಡಿನ ಖರ್ಚು ಅಷ್ಟೇ.